ತಂತಿ ಉದ್ದವಾದಷ್ಟೂ ಸಿಗ್ನಲ್ ಹೆಚ್ಚುತ್ತದೆಯೇ?

ಇಯರ್‌ಫೋನ್ ಜ್ಯಾಕ್‌ಗೆ ಉದ್ದನೆಯ ತಾಮ್ರದ ತಂತಿ ಸಿಕ್ಕಿಸಿ ತಾರಸಿಗೆ ಎಳೆದರೆ ನೆಟ್‌ವರ್ಕ್ ಇಲ್ಲದ ಕಡೆಯೂ ಫುಲ್ ಸಿಗ್ನಲ್! ಇಂಥ ಸಲಹೆ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನಂಬುವವರ ತಪ್ಪೂ ಅಲ್ಲ. ಎಷ್ಟೋ ಫೋನ್‌ಗಳಲ್ಲಿ ಇಯರ್‌ಫೋನ್ ಹಾಕದೆ ಎಫ್‌ಎಂ ರೇಡಿಯೊ ಬರುವುದಿಲ್ಲ, ಅದರ ವೈರೇ ಆಂಟೆನಾ. ಹಾಗಿದ್ದರೆ ವೈರ್ ಇನ್ನೂ ಉದ್ದವಾದರೆ ಒಳ್ಳೆಯದಲ್ಲವೇ?

ಅಲ್ಲ. ಏಕೆಂದು ನೋಡೋಣ.

ತಂತಿಯಲ್ಲಿ ಕರೆಂಟ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಹುಟ್ಟಿ, ಕರೆಂಟಿನ ಏರಿಳಿತವನ್ನು ತಡೆಯುತ್ತದೆ. ಇದು ಇಂಡಕ್ಟೆನ್ಸ್. ತಂತಿಗೂ ನೆಲಕ್ಕೂ, ಫೋನಿನಲ್ಲಾದರೆ ಒಳಗಿನ ಲೋಹಕ್ಕೂ ನಡುವೆ ಒಂದಿಷ್ಟು ಚಾರ್ಜ್ ಕೂಡಿಕೊಳ್ಳುತ್ತದೆ. ಇದು ಕೆಪಾಸಿಟೆನ್ಸ್. ಫ್ಯಾನಿನ ಕೆಪಾಸಿಟರ್‌ನಂತೆ ಒಂದು ಡಬ್ಬಿಯಲ್ಲಿ ಇರದೆ, ಇವೆರಡೂ ತಂತಿಯುದ್ದಕ್ಕೂ ಹರಡಿರುತ್ತವೆ. ಹಿಂದೆ ಟಿವಿ ಆಂಟೆನಾದಿಂದ ಮನೆಯೊಳಗೆ ಇಳಿಯುತ್ತಿದ್ದ ಚಪ್ಪಟೆ ಜೋಡಿ ವೈರ್ ನೆನಪಿದೆಯೇ? ಅದು ಟ್ರಾನ್ಸ್‌ಮಿಷನ್ ಲೈನ್. ಅದರ ಎರಡು ಎಳೆಗಳನ್ನು ತುದಿಯಲ್ಲಿ ಬಿಡಿಸಿ ಎಡಕ್ಕೂ ಬಲಕ್ಕೂ ಚಾಚಿದರೆ ಅದೇ ಆಂಟೆನಾ! ಹಾಗಾಗಿಯೇ ಎಂಜಿನಿಯರ್‌ಗಳು ಆಂಟೆನಾವನ್ನು ತುದಿ ತೆರೆದ ಲೈನ್ ಎಂದುಕೊಂಡು ಲೆಕ್ಕ ಹಾಕುತ್ತಾರೆ.

ಇಂಥ ಲೈನಿನಲ್ಲಿ ಅಲೆ ತುದಿಗೆ ಹೋಗಿ, ದಾರಿಯಿಲ್ಲದೆ ಹಿಂದಿರುಗುತ್ತದೆ. ತಂತಿಯ ಉದ್ದ ತರಂಗಾಂತರದ ಕಾಲು ಭಾಗದಷ್ಟಿದ್ದರೆ, ರೇಡಿಯೊಗೆ ಜೋಡಿಸಿದ ಜಾಗದಲ್ಲಿ ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್ ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಹಾಕುತ್ತವೆ. ಆಗ ಸಿಗ್ನಲ್ ಸಲೀಸಾಗಿ ಒಳಬರುತ್ತದೆ. ಅದಕ್ಕಿಂತ ಗಿಡ್ಡವಾದರೆ ಕೆಪಾಸಿಟೆನ್ಸ್, ಸ್ವಲ್ಪ ಉದ್ದವಾದರೆ ಇಂಡಕ್ಟೆನ್ಸ್ ಮೇಲುಗೈ ಪಡೆಯುತ್ತದೆ. ಬೆಂಗಳೂರಿನ 101.3 ಎಫ್‌ಎಂ ರೇನ್‌ಬೋ ತರಂಗಾಂತರ ಸುಮಾರು 3 ಮೀಟರ್, ಕಾಲು ಭಾಗವೆಂದರೆ 74 ಸೆಂಟಿಮೀಟರ್. ಇದನ್ನು ಎರಡು ಪಟ್ಟು ಮಾಡಿದರೆ ತಂತಿ ಎಷ್ಟು ತಡೆ ಒಡ್ಡುತ್ತದೆಂದರೆ, ಸಾಮಾನ್ಯ ರೇಡಿಯೊಗೆ ಸಿಗುವ ಸಿಗ್ನಲ್ ಕಡಿಮೆಯೇ ಆಗಬಹುದು. ಇಯರ್‌ಫೋನ್ ವೈರ್ ಮೀಟರಿನ ಆಸುಪಾಸಿನಲ್ಲಿರುತ್ತದೆ. ಉಳಿದ ಹೊಂದಾಣಿಕೆ ಫೋನಿನೊಳಗೆ ನಡೆಯುತ್ತದೆ.

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಇದೇ ಲೆಕ್ಕ ಹಾಕಿದರೆ 120 ಮೀಟರ್ ದಾಟುತ್ತದೆ! ಅಷ್ಟುದ್ದದ ತಂತಿ ಯಾರ ಮನೆಯಲ್ಲಿದೆ? ಅದಕ್ಕೇ ರೇಡಿಯೊ ಪೆಟ್ಟಿಗೆಯೊಳಗೆ ಕಪ್ಪು ಫೆರೈಟ್ ಕಡ್ಡಿಗೆ ಸುತ್ತಿದ ಸುರುಳಿ ಇರುತ್ತದೆ.

ಇನ್ನು ಮೊಬೈಲ್ ನೆಟ್‌ವರ್ಕ್. ಅದರ ಆಂಟೆನಾ ಫೋನಿನೊಳಗೇ ಇದೆ, 900 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ ಬರೀ 8 ಸೆಂಟಿಮೀಟರ್. ಜ್ಯಾಕ್‌ಗೆ ಸಿಕ್ಕಿಸಿದ ತಂತಿ ಅದಕ್ಕೆ ತಲುಪುವುದೇ ಇಲ್ಲ. ಫೋನಿಗೆ ತಂತಿ ಸುತ್ತಿದರಂತೂ ಕೆಪಾಸಿಟೆನ್ಸ್ ಬದಲಾಗಿ, ಇದ್ದ ಸಿಗ್ನಲ್ಲೂ ಕುಗ್ಗಬಹುದು.

ನಮಗೆ ಹೆಚ್ಚು ಆತಂಕ ತಂದಿದ್ದು ತಾರಸಿಯ ಮಾತು. ಅಲ್ಲಿಗೆ ಎಳೆದ ತಂತಿ ಹತ್ತಿರದ ವಿದ್ಯುತ್ ಲೈನಿಗೆ ತಾಗಿದರೆ, ಅಥವಾ ಮಳೆಗಾಲದಲ್ಲಿ ಪಕ್ಕದಲ್ಲೇ ಸಿಡಿಲು ಬಡಿದರೆ, ಅದರ ಇನ್ನೊಂದು ತುದಿ ಇರುವುದು ನಿಮ್ಮ ಕೈಯಲ್ಲಿರುವ ಫೋನಿನಲ್ಲಿ.