ನಿಮ್ಮ ಪೆಸರಟ್ಟು ಈಗ ಎಲ್ಲಿದೆ, ಹೇಳಿ ನೋಡೋಣ!

ವಿಜಯವಾಡದಲ್ಲಿ ಬೆಳಗ್ಗೆ ಬಿಸಿ ಪೆಸರಟ್ಟು. ಮಡಿಕೆಯೊಳಗೆ ಉಪ್ಪಿಟ್ಟು, ಪಕ್ಕದಲ್ಲಿ ಶುಂಠಿ ಚಟ್ನಿ. ಗಡದ್ದಾಗಿ ತಿಂದು ಕೊಂಡಪಲ್ಲಿಗೆ ಹೊರಟಿರಿ ಅಂತಿಟ್ಟುಕೊಳ್ಳಿ. ನಮ್ಮ ಕೃಷ್ಣದೇವರಾಯ ಗೆದ್ದ ಕೋಟೆ ಹತ್ತಿದಿರಿ. ಮಕ್ಕಳಿಗೆ ಮರದ ಬೊಂಬೆ ಕೊಂಡಿರಿ. ಎರಡು ಗಂಟೆ ಕಳೆಯಿತು.

ಪೆಸರಟ್ಟು ಎಲ್ಲಿದೆ?

ಕರುಳಿಗೆ ಇಳಿದಾಯಿತು ಅಂದಿರಾ? ಇಲ್ಲ! ಅದರ ಒಳ್ಳೇ ಪಾಲು ಇನ್ನೂ ಜಠರದಲ್ಲೇ ಕೂತಿದೆ. ಗಟ್ಟಿ ಆಹಾರ ಪೂರ್ತಿ ಜಾಗ ಖಾಲಿ ಮಾಡಲು ಸುಮಾರು ನಾಲ್ಕು ಗಂಟೆ ಬೇಕು!

ನಂಬಿಕೆ ಬರಲಿಲ್ಲವೇ? ಕಣ್ಣಾರೆ ನೋಡಬಹುದು! ಕೊಯ್ಯುವುದಿಲ್ಲ. ಕೊಳವೆ ನುಂಗಿಸುವುದಿಲ್ಲ. ಎಕ್ಸ್‌ರೇಯೂ ಬೇಡ. ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಕು! ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನಗಳವರೆಗೆ. ಈ ಯಂತ್ರದ ಸದ್ದು? 20 ಲಕ್ಷದಿಂದ 50 ಲಕ್ಷ!

ಬಲ ಮಗ್ಗುಲಿಗೆ ಮಲಗಿಸುತ್ತಾರೆ. ಎದೆಮೂಳೆಯ ಕೆಳಗೆ ತಣ್ಣನೆಯ ಜೆಲ್. ಪರದೆಯ ಮೇಲೆ ಯಕೃತ್ತು, ಅದರ ಮಗ್ಗುಲಲ್ಲೇ ಜಠರದ ಕೆಳತುದಿ. ಖಾಲಿ ಇದ್ದರೆ ಉಂಗುರದೊಳಗೊಂದು ಉಂಗುರ. ಈಗಷ್ಟೇ ಉಂಡಿದ್ದರೆ ಬರೀ ಮಬ್ಬು. ಅನ್ನದ ಜೊತೆ ನುಂಗಿದ ಗಾಳಿಯ ಕಿತಾಪತಿ ಅದು. ನೀರು ಕುಡಿದಿರಾ? ಕಪ್ಪು ಹಿನ್ನೆಲೆಯಲ್ಲಿ ಗುಳ್ಳೆಗಳು ಮಿನುಗುತ್ತವೆ. ವೈದ್ಯರು ಇದನ್ನು ‘ತಾರೆಗಳ ರಾತ್ರಿ’ ಅನ್ನುತ್ತಾರೆ. ಎಂಥ ಚೆಂದದ ಹೆಸರು!

ಅಗೋ, ಜಠರ ಹಿಂಡಿತು! ಮತ್ತೆ ಹಿಂಡಿತು! ನಿಮಿಷಕ್ಕೆಷ್ಟು ಸಲ? ಊಹಿಸಿ. ಮೂವತ್ತಲ್ಲ, ಹತ್ತೂ ಅಲ್ಲ. ಬರೀ ಮೂರು! ಅಷ್ಟು ನಿಧಾನದಲ್ಲೇ ಪೆಸರಟ್ಟು ನುಣ್ಣಗಾಗುತ್ತದೆ.

1985ರಷ್ಟು ಹಿಂದೆಯೇ ಇಟಲಿಯ ಬೊಲೊಂಡಿ ಮತ್ತು ಸಂಗಡಿಗರು ಜಠರ ಖಾಲಿಯಾಗುವ ಹೊತ್ತನ್ನು ಹೀಗೇ ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದ್ದರು. ಆದರೆ ನನ್ನನ್ನು ದಂಗುಬಡಿಸಿದ್ದು ಇನ್ನೊಂದು. ಒಳಗೆ ಎಷ್ಟು ಮಿಲಿಲೀಟರ್ ದ್ರವವಿದೆ ಅಂತ ಹೊರಗಿನಿಂದಲೇ ಹೇಳಬಹುದು! ಕೆನಡಾದ ಅರಿವಳಿಕೆ ತಜ್ಞೆ ಅನಾಹಿ ಪರ್ಲಾಸ್ ತಂಡದ ಸೂತ್ರವಿದು. ಜಠರದ ಕೆಳತುದಿಯ ಅಡ್ಡಸೀಳಿನ ವಿಸ್ತೀರ್ಣವನ್ನು 14.6ರಿಂದ ಗುಣಿಸಿ, 27 ಕೂಡಿಸಿ, ವಯಸ್ಸಿನ 1.28 ಪಟ್ಟನ್ನು ಕಳೆಯಿರಿ. ಅಷ್ಟೇ! ಎಂಡೋಸ್ಕೋಪಿಯಲ್ಲಿ ದ್ರವವನ್ನು ಹೀರಿ ತೆಗೆದು, ಅಳೆದು, ತಾಳೆ ನೋಡಿ 2013ರಲ್ಲಿ ಪ್ರಕಟಿಸಿದರು.

ವಯಸ್ಸು 40, ವಿಸ್ತೀರ್ಣ 10 ಚದರ ಸೆಂಟಿಮೀಟರ್. ಉತ್ತರ? ಸುಮಾರು 122 ಮಿಲಿಲೀಟರ್!

ಆ ವ್ಯಕ್ತಿಯ ತೂಕ 60 ಕಿಲೋ ಎನ್ನಿ. ಹಾಗಿದ್ದರೆ ಆಪರೇಷನ್ ಟೇಬಲ್ ಮೇಲೆ ಇದು ಅಪಾಯದ ಗಂಟೆ. ಕಿಲೋಗೆ 1.5 ಮಿಲಿಲೀಟರ್, ಅಂದರೆ 90ರವರೆಗೆ ಚಿಂತೆಯಿಲ್ಲ. ಅದು ಮೀರಿದರೆ, ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು!

ಎಲ್ಲ ಆಸ್ಪತ್ರೆಯಲ್ಲೂ ಈ ಸ್ಕ್ಯಾನ್ ಮಾಡುವುದಿಲ್ಲ. ಹಾಗಾಗಿ ಆಪರೇಷನ್‌ಗೆ ಮುಂಚೆ ಏನು ತಿಂದಿರಿ, ಯಾವಾಗ ತಿಂದಿರಿ ಅಂತ ಡಾಕ್ಟರ್ ಕೇಳಿದರೆ, ಅರ್ಧ ಲೋಟ ಕಾಫಿಯನ್ನೂ ಮುಚ್ಚಿಡಬೇಡಿ.