ನಾನು ಇಳಿಸಿದ ಒಂಬತ್ತು ಕೆ.ಜಿ., ದೊಡ್ಡಪ್ಪ ಗಳಿಸಿದ ಎರಡು ಕೆ.ಜಿ.

ಕಾಲೇಜಿನ ಟ್ರೆಡಿಷನಲ್ ಡೇಗೆ ಇನ್ನು ಇಪ್ಪತ್ನಾಲ್ಕು ದಿನ ಇತ್ತು. ನನ್ನ ತೂಕ 78 ಕೆ.ಜಿ. ಗೆಳೆಯನೊಬ್ಬ ಹೊಟ್ಟೆ ಮುಟ್ಟಿ, ‘ಲೇ, ಶೇರವಾನಿ ಬಟನ್ ತಾಳತಾವೋ ಇಲ್ಲೋ’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ರೂಮಿನಲ್ಲಿ ಮೊಬೈಲ್ ಹಿಡಿದು ಕೂತವನು ಒಂದಾದ ಮೇಲೊಂದು ರೀಲ್ಸ್ ನೋಡಿದೆ. ಬೆಳಿಗ್ಗೆ ಎದ್ದವನೇ ರೊಟ್ಟಿ ಬಿಟ್ಟೆ.

ಬೆಳಿಗ್ಗೆ ನಿಂಬೆ ನೀರು, ಮಧ್ಯಾಹ್ನ ಎರಡು ಸೌತೆಕಾಯಿ, ರಾತ್ರಿ ಒಂದು ಲೋಟ ಮಜ್ಜಿಗೆ. ಮೊದಲ ವಾರವೇ ನಾಲ್ಕು ಕೆ.ಜಿ. ಇಳಿಯಿತು! ಆಮೇಲೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ, ಲ್ಯಾಬ್‌ನಲ್ಲಿ ಕೈ ನಡುಕ, ಕಾರಣವಿಲ್ಲದೆ ಸಿಟ್ಟು. ಕೊನೆಯ ದಿನ ಫೋಟೊದಲ್ಲಿ ಮುಖ ಸಣ್ಣದಾಗಿ ಕಾಣಲಿ ಎಂದು ನೀರನ್ನೂ ಬಿಟ್ಟೆ. 69 ಕೆ.ಜಿ.ಗೆ ಬಂದೆ. ಫೋಟೊಗೆ ಇನ್ನೂರು ಲೈಕ್ ಬಿತ್ತು.

ಅದರ ಮುಂದಿನ ಭಾನುವಾರ ಮೂಡಲಗಿಯ ಮನೆಗೆ ಬಂದೆ. ಅವ್ವ ನನ್ನ ಮುಖ ನೋಡಿ ಸುಮ್ಮನೆ ಒಳಗೆ ಹೋದಳು. ‘ನಾಳೆ ಹುಕ್ಕೇರಿಗೆ ಹೋಗಿ ದೊಡ್ಡಪ್ಪನ ಜೊತೆ ಆಸ್ಪತ್ರೆಗೆ ಹೋಗಿ ಬಾ’ ಅಂದಳು. ದೊಡ್ಡಪ್ಪನಿಗೆ ಟಿಬಿ ಆಗಿ ಎರಡು ತಿಂಗಳಾಗಿತ್ತು. ಗುಳಿಗೆ ನಡೆದಿತ್ತು. ಹೊಲದಲ್ಲಿ ಒಬ್ಬನೇ ಕಬ್ಬಿನ ಹೊರೆ ಎತ್ತುತ್ತಿದ್ದ ಮನುಷ್ಯ 41 ಕೆ.ಜಿ.ಗೆ ಇಳಿದಿದ್ದ.

ಗೋಕಾಕದವರೆಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ನಮ್ಮ ಓಣಿಯ ಅಕ್ಕ. ಕಿಡ್ನಿ ಕೆಟ್ಟಿದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಿಸಿಲಿಗೆ ಬಾಯಿ ಒಣಗಿದೆ ಎಂದು ನಾನು ಬಾಟಲಿ ಚಾಚಿದರೆ, ಮುಚ್ಚಳದಷ್ಟು ಮಾತ್ರ ಕುಡಿದು ಕೊಟ್ಟರು. ‘ದಿನಕ್ಕ ಇಷ್ಟ ನೀರಂತ ಅಳತಿ ಐತಿ ತಮ್ಮಾ. ಒಂದು ಡಯಾಲಿಸಿಸ್ ಆಗಿ ಇನ್ನೊಂದು ಬರೂದ್ರಾಗ ತೂಕ ಏರಿದ್ರ ಅದು ನೀರ ತೂಕ, ಉಸಿರು ಕಟ್ತೈತಿ’ ಅಂದರು. ಫೋಟೊಗಾಗಿ ನೀರು ಬಿಟ್ಟ ಸಂಗತಿ ಅವರ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಹುಕ್ಕೇರಿಯ ಆಸ್ಪತ್ರೆಯಲ್ಲಿ ನಾನು, ದೊಡ್ಡಪ್ಪ ಇಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಹೊಸದಾಗಿ ಬಂದಿದ್ದ ಡಾಕ್ಟರು ನೇರ ನನ್ನ ಹತ್ತಿರ ಬಂದು, ‘ಗುಳಿಗೆ ತಪ್ಪಿಸ್ತಾ ಇಲ್ಲ ತಾನೆ?’ ಎಂದು ಕೇಳಿದರು.

‘ಪೇಷಂಟ್ ನಾನರೀ ಸಾಹೇಬ್ರ. ಇಂವಾ ಇಂಜಿನಿಯರಿಂಗ್ ಓದಾಕತ್ತಾನ’ ಅಂದ ದೊಡ್ಡಪ್ಪ.

ದೊಡ್ಡಪ್ಪ ತೂಕದ ಯಂತ್ರದ ಮೇಲೆ ನಿಂತ. 43.1. ‘ಎರಡು ಕೆ.ಜಿ. ಏರಿದೆ!’ ಎಂದು ನರ್ಸ್ ಕೂಗಿದರು. ದೊಡ್ಡಪ್ಪನ ಕಣ್ಣು ತುಂಬಿದವು. ನಾನು ಅಳುವಷ್ಟು ಸಂತೋಷಪಟ್ಟಿದ್ದೂ ಅಂಥದ್ದೇ ಯಂತ್ರದ ಮೇಲೆ, ಆದರೆ ಉಲ್ಟಾ ಲೆಕ್ಕಕ್ಕೆ.

ಡಾಕ್ಟರು ಆಮೇಲೆ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಟಿಬಿ ರೋಗಿಯ ತೂಕ ಮೊದಲ ಎರಡು ತಿಂಗಳಲ್ಲಿ ಏರುವುದೆಂದರೆ ಬದುಕುವ ದಾರಿಗೆ ಬಿದ್ದಂತೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ರೋಗಿಗಳಿಗೆ ಔಷಧದ ಜೊತೆ ಪ್ರತಿ ತಿಂಗಳು ಆಹಾರದ ಕಿಟ್ ಕೊಟ್ಟು ಅಧ್ಯಯನ ಮಾಡಿದ್ದರು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ರೋಗಿಯ ಮನೆಯವರಿಗೂ ಒಳ್ಳೆಯ ಆಹಾರ ಕೊಟ್ಟಾಗ ಅವರಿಗೆ ಟಿಬಿ ತಗಲುವುದು ಸುಮಾರು ಶೇ 40ರಷ್ಟು ತಗ್ಗಿತ್ತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸರ್ಕಾರ ರೋಗಿಯ ಊಟಕ್ಕೆಂದೇ ತಿಂಗಳಿಗೆ 1,000 ರೂಪಾಯಿ ಕೊಡುವುದು ಇದಕ್ಕೇ.

‘ಅರೆಹೊಟ್ಟೆಯಲ್ಲಿ ಇರೋರ ಮೈಗೆ ಈ ರೋಗ ಬೇಗ ಹತ್ತುತ್ತೆ. ನೀವು ಹೊಟ್ಟೆಗಿಲ್ಲದ ಮೈ ಹೊತ್ತು ಟಿಬಿ ಇರೋ ಮನೆಗೆ ಬಂದಿದ್ದೀರಿ’ ಎಂದಾಗ ನನಗೆ ಮೈ ಬೆವರಿತು. ನನ್ನ ನಾಲ್ಕು ಕೆ.ಜಿ. ಸಾಧನೆಯ ಗುಟ್ಟನ್ನೂ ಅವರೇ ಒಡೆದರು. ದೇಹ ಕೂಡಿಟ್ಟ ಗ್ಲೈಕೋಜನ್ನಿನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಮೊದಲ ವಾರ ಇಳಿಯುವುದು ಹೆಚ್ಚಾಗಿ ಅದೇ ನೀರು. ನಂತರ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು. ಪೊಟ್ಯಾಸಿಯಂ ಕುಸಿದರೆ ಹೃದಯದ ತಾಳವೇ ತಪ್ಪಬಹುದು.

ಇದು ಬರೀ ಹೆದರಿಸುವ ಮಾತಲ್ಲ. ದಪ್ಪಗಾಗುವ ಭಯದಲ್ಲಿ ಊಟ ಬಿಟ್ಟ ಕೇರಳದ ಕಣ್ಣೂರು ಜಿಲ್ಲೆಯ 18 ವರ್ಷದ ವಿದ್ಯಾರ್ಥಿನಿ 2025ರ ಮಾರ್ಚ್‌ನಲ್ಲಿ ತೀರಿಕೊಂಡಳು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಬೊಜ್ಜು ಕರಗಿಸುವ ಶಸ್ತ್ರಚಿಕಿತ್ಸೆಯ ಬಳಿಕ ಅಸುನೀಗಿದಾಗ ಅವರಿಗೆ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವರು.

ಮನೆಗೆ ಬಂದು ಊಟಕ್ಕೆ ಕೂತೆವು. ದೊಡ್ಡಪ್ಪ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಒಂದೊಂದೇ ತುತ್ತು ನುಂಗುತ್ತಿದ್ದ. ಗುಳಿಗೆಯಿಂದ ವಾಕರಿಕೆ. ನಡುವೆ ಎರಡು ಸಲ ತಾಟು ಸರಿಸಿದ, ಮತ್ತೆ ತಾನೇ ಎಳೆದುಕೊಂಡ. ನನ್ನ ತಾಟಿನ ರೊಟ್ಟಿ ಹಾಗೇ ಇದ್ದುದನ್ನು ನೋಡಿ ಹೇಳಿದ:

‘ನನಗ ತುತ್ತು ಇಳೀವಲ್ದು ಅಂತ ನಾ ಅಳತೇನಿ. ನಿನಗ ಇಳೀತೈತಿ, ನೀ ಒಲ್ಲೆ ಅಂತಿ. ಚಲೋ ಮೈ ಕೊಟ್ಟಾನ ದೇವರು, ಅದನ್ನ್ಯಾಕೋ ಪೇಷಂಟ್ ಮಾಡ್ತಿ?’

ಸಿಟ್ಟು ಮಾಡಿದ್ದರೆ ವಾದ ಮಾಡಬಹುದಿತ್ತು. ಅವನು ಕೇಳಿದ್ದೇ ಅಷ್ಟು ಮೆತ್ತಗೆ. ತಲೆ ತಗ್ಗಿಸಿ ರೊಟ್ಟಿ ಮುರಿದೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕಾವಲು ಕಾಯುತ್ತಾ ಊಟ ಮುಗಿಸಿದೆವು.

ತೂಕ ಇಳಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೊಜ್ಜು ಇದ್ದವರು ಇಳಿಸಲೇಬೇಕು. ಆದರೆ ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು, ಅದೂ ಉಂಡು, ನಡೆದು, ನಿದ್ದೆ ಮಾಡಿ. ನಾಳೆ ಇಂಟರ್‌ವ್ಯೂ ಇದೆ, ದೈಹಿಕ ಪರೀಕ್ಷೆ ಇದೆ ಎಂದು ಇಂದು ಉಪವಾಸ ಬೀಳುವ ಗೆಳೆಯರೇ, ಓಡುವ ಕಾಲಿಗೂ ಉತ್ತರಿಸುವ ತಲೆಗೂ ಅನ್ನ ಬೇಕು.

ಆ ಒಂಬತ್ತು ಕೆ.ಜಿ.ಯಲ್ಲಿ ಆರು ಎರಡು ತಿಂಗಳಲ್ಲೇ ವಾಪಸ್ ಬಂತು. ಟ್ರೆಡಿಷನಲ್ ಡೇ ಮುಗಿದ ಮೇಲೆ ನನ್ನ ಕೂದಲು ಗೊಂಚಲು ಗೊಂಚಲಾಗಿ ಉದುರಿತು. ಈಗ ದಿನಾ ಸಂಜೆ ಐದು ಕಿಲೋಮೀಟರ್ ನಡೆಯುತ್ತೇನೆ, ರೊಟ್ಟಿ ಬಿಟ್ಟಿಲ್ಲ. ದೊಡ್ಡಪ್ಪನ ಆರು ತಿಂಗಳ ಔಷಧ ಮುಗಿದಿದೆ. ಕಳೆದ ತಿಂಗಳು ಗೋಕಾಕದ ಕರದಂಟು ಒಯ್ದಿದ್ದೆ. ಪೊಟ್ಟಣ ಬಿಚ್ಚಿ ದೊಡ್ಡ ತುಂಡು ನನ್ನ ಕೈಗಿಟ್ಟ, ಸಣ್ಣದು ತಾನು ಇಟ್ಟುಕೊಂಡ. ‘51 ಆಗೇನಿ’ ಅಂದ.

ನನ್ನ ತೂಕ ಎಷ್ಟೆಂದು ಅವನು ಕೇಳಲಿಲ್ಲ.