ಕಾಣುವ ಕಣ್ಣು, ಕಾಯುವ ಕಣ್ಣು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಆಯನೂರಿನಂಥ ಊರುಗಳಲ್ಲಿ ಹದಿನಾರರ ಹುಡುಗಿಗೆ ಸ್ವಾತಂತ್ರ್ಯವೆಂದರೆ ಬಹು ದೊಡ್ಡ ಮಾತೇನಲ್ಲ. ಬಸ್ಸು ಹತ್ತಿ ಪೇಟೆಗೆ ಹೋಗಿಬರುವುದು, ಮನಸ್ಸಿಗೆ ಬಂದ ಬಟ್ಟೆ ಹೊಲಿಸಿಕೊಳ್ಳುವುದು, ಗೆಳತಿಯೊಡನೆ ಒಂದಿಷ್ಟು ಹೊತ್ತು ಹರಟುವುದು. ಇಷ್ಟಕ್ಕೂ ಮನೆಯವರ ಅಪ್ಪಣೆ ಬೇಕು. ನಾಲ್ಕು ಜನ ತನ್ನನ್ನು ಗಮನಿಸಲಿ ಎಂದು ಆಸೆಪಟ್ಟರಂತೂ ‘ಹದ್ದು ಮೀರುತ್ತಿದ್ದಾಳೆ’ ಎಂಬ ಮಾತು ಬರುತ್ತದೆ. ಈ ಸಣ್ಣ ಆಸೆಗಳನ್ನು ದೊಡ್ಡ ವಿಷಯವೆಂದೇ ಬಗೆದು ಕತೆ ಬರೆದವರಲ್ಲಿ ಇಬ್ಬರು ಲೇಖಕಿಯರಿಗೆ ಶಿವಮೊಗ್ಗದ ನಂಟಿದೆ.

ಮೊದಲನೆಯವರು ವೈದೇಹಿ. 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದ ಇವರು ಮದುವೆಯಾದ ಮೇಲೆ ಕೆಲಕಾಲ ಶಿವಮೊಗ್ಗದಲ್ಲಿ ನೆಲೆಸಿದ್ದರು. ಅವರ ‘ಅಮ್ಮಚ್ಚಿಯೆಂಬ ನೆನಪು’ ಕತೆಯ ಅಮ್ಮಚ್ಚಿಗೆ ಬೆನ್ನಿಗೆ ಗುಂಡಿಯಿರುವ ರವಿಕೆ ತೊಡುವ ಆಸೆ. ಅವಳನ್ನು ಮದುವೆಯಾಗಲು ಹೊರಟಿರುವ ವೆಂಕಪ್ಪಯ್ಯನಿಗೆ ಅದು ಸಹಿಸದು. ಬೆನ್ನಿನ ಗುಂಡಿ ತೊಟ್ಟವಳ ಕಣ್ಣಿಗೆ ಬೀಳುವುದಿಲ್ಲ, ನೋಡುವವರಿಗಷ್ಟೇ ಕಾಣುತ್ತದೆ. ತಾನು ಚೆಂದ ಕಾಣಬೇಕೆಂಬ ಹಂಬಲ, ಹೇಗೆ ಕಾಣಬೇಕೆಂಬುದನ್ನು ತಾನೇ ನಿರ್ಧರಿಸುವ ಹಟ, ಎರಡೂ ಆ ರವಿಕೆಯಲ್ಲಿವೆ. ವೆಂಕಪ್ಪಯ್ಯನಿಗೆ ದಿಗಿಲಾಗುವುದು ಎರಡನೆಯದರಿಂದ. ವೈದೇಹಿಯವರ ಮೂರು ಕತೆಗಳನ್ನು ಆಧರಿಸಿ ಚಂಪಾ ಶೆಟ್ಟಿ 2018ರಲ್ಲಿ ಇದೇ ಹೆಸರಿನ ಚಲನಚಿತ್ರವನ್ನು ನಿರ್ದೇಶಿಸಿದರು.

ಲೇಖಕಿಯ ಹೆಸರಿಗೂ ಒಂದು ಹಿನ್ನೆಲೆಯಿದೆ. ವಸಂತಿ ಎಂಬ ಹೆಸರಿನ ಅವರು ‘ಸುಧಾ’ ವಾರಪತ್ರಿಕೆಗೆ ಒಂದು ಕತೆ ಕಳಿಸಿದರು. ನಿಜ ಸಂಗತಿಯನ್ನು ಆಧರಿಸಿದ್ದರಿಂದ ಅದನ್ನು ಪ್ರಕಟಿಸಬೇಡಿ ಎಂದು ಆಮೇಲೆ ಕೇಳಿಕೊಂಡರು. ಸಂಪಾದಕರು ‘ವೈದೇಹಿ’ ಎಂಬ ಹೆಸರಿಟ್ಟು ಕತೆಯನ್ನು ಅಚ್ಚುಹಾಕಿದರು. ಹೇಳಬೇಕೆಂಬ ಆಸೆ, ಗುರುತು ಸಿಕ್ಕರೆ ಎಂಬ ಅಳುಕು ಬರೆಯುವ ಹೆಣ್ಣಿಗೂ ತಪ್ಪಿದ್ದಲ್ಲ.

ಎರಡನೆಯವರು ಬಾನು ಮುಷ್ತಾಕ್. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಇವರನ್ನು 8ನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲಾಯಿತು. 6 ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬುದು ಶಾಲೆಯ ಷರತ್ತು. ಕೆಲವೇ ದಿನಗಳಲ್ಲಿ ಹುಡುಗಿ ಬರೆಯತೊಡಗಿದಳು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು.

ಆ ಸಂಕಲನದ ಮೊದಲ ಕತೆಯಲ್ಲಿ ಆಸಿಫಾ ಎಂಬ ಹುಡುಗಿಯಿದ್ದಾಳೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಓದು ಬಿಟ್ಟ ಹಿರಿಯ ಮಗಳು ಅವಳು. ತಾಯಿ ತೀರಿಕೊಂಡ ಮೇಲೆ ತಂದೆ ಬೇಗನೆ ಮತ್ತೊಂದು ಮದುವೆಯಾಗುತ್ತಾನೆ. ಹಸುಗೂಸಿನ ಭಾರ ಆಸಿಫಾಳ ಪಾಲಿಗೆ ಬರುತ್ತದೆ. ಅಮ್ಮಚ್ಚಿಯ ಮೇಲೆ ಕಣ್ಣು ಹೆಚ್ಚಾಯಿತು. ಆಸಿಫಾಳ ಮೇಲೆ ಯಾರ ಕಣ್ಣೂ ಬೀಳಲಿಲ್ಲ, ಅವಳ ದುಡಿಮೆಯಷ್ಟೇ ಕಂಡಿತು.

ಎರಡೂ ಕತೆಗಳನ್ನು ಜೊತೆಗಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹರೆಯದ ಹುಡುಗಿ ಬಯಸುವುದು ತನ್ನನ್ನು ಕಾಣುವ ಕಣ್ಣನ್ನು. ಮನೆ ಕೊಡುವುದು ಕಾಯುವ ಕಣ್ಣನ್ನು. ತಾನೂ ಒಬ್ಬಳೆಂದು ಯಾರಾದರೂ ಗುರುತಿಸಿದರಲ್ಲವೇ ಅವಳು ತನ್ನ ದಾರಿ ಹಿಡಿಯುವುದು? ಎರಡು ಕತೆಗಳಲ್ಲೂ ಅವಳನ್ನು ಹಾಗೆ ಕಂಡು ನಮಗೆ ಹೇಳುವವಳು ಇನ್ನೊಬ್ಬ ಹೆಣ್ಣು. ಮಗಳು ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಂತಳೆಂದು ಗದರುವ ಮೊದಲು ಈ ಕತೆಗಳನ್ನೊಮ್ಮೆ ಓದಬೇಕು.